ಗಾಡಿ ನಮ್ಮದು, ಫೋಟೋ ನಮ್ಮದು, ಮಾರಿದ್ದು ಇನ್ಯಾರೋ

ಎಂಟನೇ ಸೆಮಿಸ್ಟರ್ ಮುಗೀತಾ ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಿನ ವಾಟ್ಸಾಪ್ ಗ್ರೂಪುಗಳು ಸಂತೆ ಆಗಿಬಿಡುತ್ತವೆ. ಹಾಸಿಗೆ, ಟೇಬಲ್ ಫ್ಯಾನು, ಗೇರ್ ಸೈಕಲ್ಲು, ಮೊದಲ ವರ್ಷ ಬಿಟ್ಟರೆ ಮತ್ತೆ ಯಾರೂ ಮುಟ್ಟದ ಮಿನಿ ಡ್ರಾಫ್ಟರು, ಆರ್ಡುಯಿನೋ ಕಿಟ್ಟು, ನಾಲ್ಕು ವರ್ಷ ಪೆಟ್ಟು ತಿಂದ ಸ್ಕೂಟರು. ಗ್ರೂಪಿನಲ್ಲಿ ಹೋಗದೇ ಉಳಿದದ್ದು ಓಎಲ್‌ಎಕ್ಸ್‌ಗೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗೋ ಹೋಗುತ್ತೆ. ಎಲ್ಲಿ ಹಾಕಿದರೂ ಪದ್ಧತಿ ಒಂದೇ: ನಾಲ್ಕು ಫೋಟೋ, ಎರಡು ಸಾಲು, ಒಂದು ರೇಟು. ಈ ಸಲ ನಾವು ಮಾತಾಡಬೇಕು ಅಂದುಕೊಂಡಿರೋದು ಆ ನಾಲ್ಕು ಫೋಟೋಗಳ ಬಗ್ಗೆ.

ಫೋಟೋ ಕದ್ದರೆ ಏನು ಹೋಯ್ತು, ಗಾಡಿ ನನ್ನ ಹತ್ರಾನೇ ಇದೆಯಲ್ಲ ಅನ್ನೋರೇ ಜಾಸ್ತಿ. ತಿಪಟೂರಿನ ಕೊಬ್ಬರಿ ಹರಾಜಿನಲ್ಲಾದರೆ ಆ ಮಾತು ಸರಿ. ಅಲ್ಲಿ ಚೀಲ ಕಣ್ಣೆದುರಿಗೇ ಇರುತ್ತೆ, ವ್ಯಾಪಾರಿ ಕೊಬ್ಬರಿ ಕೈಗೆತ್ತಿಕೊಂಡು ನೋಡಿ ರೇಟು ಹಾಕುತ್ತಾನೆ. ಆನ್‌ಲೈನಿನಲ್ಲಿ ಚೀಲವೇ ಇಲ್ಲ. ಫೋಟೋ ಯಾರ ಹತ್ತಿರ ಇದೆಯೋ ಸರಕೂ ಅವರ ಹತ್ತಿರವೇ ಇದೆ ಅಂತ ಕೊಳ್ಳುವವರು ನಂಬುತ್ತಾರೆ. ವಂಚಕನಿಗೆ ಬೇಕಿರುವುದೂ ಅಷ್ಟೇ.

ನಮ್ಮ ದೇಶದಲ್ಲಿ ಇದರ ತೀರಾ ಪರಿಚಿತ ರೂಪ ‘ಆರ್ಮಿ ಆಫೀಸರ್’ ಕಥೆ. ಒಳ್ಳೆ ಕಂಡೀಶನ್ನಿನ ಆಕ್ಟಿವಾ ಅಥವಾ ಬುಲೆಟ್ಟು, ಮಾರ್ಕೆಟ್ ರೇಟಿನ ಅರ್ಧಕ್ಕೆ. ಕೇಳಿದರೆ, ನಾನು ಸೇನೆಯಲ್ಲಿದ್ದೀನಿ, ದೂರದೂರಿಗೆ ವರ್ಗ ಆಗಿದೆ, ಗಾಡಿ ಏರ್‌ಪೋರ್ಟ್ ಪಾರ್ಕಿಂಗಿನಲ್ಲಿದೆ ಅನ್ನುತ್ತಾನೆ. ನಂಬಿಕೆ ಬರಲಿ ಅಂತ ಐಡಿ ಕಾರ್ಡು, ಕ್ಯಾಂಟೀನ್ ಕಾರ್ಡು, ಆರ್‌ಸಿ ಎಲ್ಲದರ ಫೋಟೋ ಕಳಿಸುತ್ತಾನೆ. ಆಮೇಲೆ ಸಾಗಾಟದ ಚಾರ್ಜು ಅಂತ ಒಂದಿಷ್ಟು, ವಾಪಸ್ ಸಿಗೋ ಡಿಪಾಸಿಟ್ಟು ಅಂತ ಮತ್ತೊಂದಿಷ್ಟು. ಗಾಡಿ ಬರೋದೇ ಇಲ್ಲ.

ಇಲ್ಲಿ ಗಮನಿಸಬೇಕಾದ್ದು ಆ ಕಾಗದಗಳು ಎಲ್ಲಿಂದ ಬಂದವು ಅನ್ನೋದು. ಗಾಡಿಯ ಫೋಟೋ ಯಾವನೋ ಒಬ್ಬ ಪ್ರಾಮಾಣಿಕ ಮಾರಾಟಗಾರನದು. ಆರ್‌ಸಿ, ಆಧಾರ್ ಕೂಡ ಎಷ್ಟೋ ಸಲ ಅಂಥವರದ್ದೇ. ವಂಚಕ ಮೊದಲು ಕೊಳ್ಳುವವನ ವೇಷದಲ್ಲಿ ಬರುತ್ತಾನೆ. “ಸಾರ್, ಗಾಡಿ ಓಕೆ, ವೆರಿಫಿಕೇಶನ್‌ಗೆ ಆರ್‌ಸಿ ಮತ್ತೆ ಆಧಾರ್ ಕಳಿಸಿ” ಅನ್ನುತ್ತಾನೆ. ಕಳಿಸಿದ ಮೇಲೆ ನಾಪತ್ತೆ. ಮರುದಿನ ಅದೇ ಕಾಗದ ಹಿಡಿದು ಇನ್ನೊಬ್ಬನ ಮುಂದೆ ಮಾರುವವನಾಗಿ ನಿಲ್ಲುತ್ತಾನೆ. ಒಬ್ಬನ ಹತ್ತಿರ ಕದ್ದದ್ದು ಮುಂದಿನವನಿಗೆ ಹಾಕುವ ಗಾಳದ ಎರೆಹುಳು.

ದುಡ್ಡು ಕಳೆದುಕೊಂಡವನ ಕೈಯಲ್ಲಿ ಕೊನೆಗೆ ಉಳಿಯೋದು ಯಾರ ಹೆಸರು? ವಂಚಕನ ಸಿಮ್ಮು ಅಷ್ಟೊತ್ತಿಗೆ ಸ್ವಿಚ್ ಆಫ್. ಉಳಿಯೋದು ಆರ್‌ಸಿಯಲ್ಲಿರುವ ಹೆಸರು, ಅಂದರೆ ನಮ್ಮದು. ನಮ್ಮ ಹಾಸ್ಟೆಲಿನ ಸೀನಿಯರ್ ಒಬ್ಬರಿಗೆ ಆದದ್ದು ಇದೇ. ಸ್ಕೂಟರ್ ಮಾರಿ ತಿಂಗಳುಗಳಾದ ಮೇಲೆ ಗೊತ್ತಿಲ್ಲದ ಊರಿನಿಂದ ಫೋನು, “ನನ್ನ ದುಡ್ಡು ವಾಪಸ್ ಹಾಕ್ತೀಯೋ, ಸ್ಟೇಷನ್‌ಗೆ ಹೋಗ್ಲೋ” ಅಂತ. ಹಿಂದೆ ನಮ್ಮ ಹಾಸ್ಟೆಲಿನ ಸೈಕಲ್ ಸ್ಟ್ಯಾಂಡು ಕಾಣೋ ಅದೇ ಫೋಟೋ, ಬೇರೆ ಊರಿನ ಲಿಸ್ಟಿಂಗಿನಲ್ಲಿ. ಜಾಲತಾಣಕ್ಕೆ ದೂರು ಕೊಟ್ಟರೆ ಬಂದದ್ದು ಅಚ್ಚು ಹಾಕಿದ ಉತ್ತರ: ಪರಿಶೀಲಿಸಿದ್ದೇವೆ, ಈ ಜಾಹೀರಾತು ನಮ್ಮ ನಿಯಮ ಮೀರಿಲ್ಲ.

ಇದಕ್ಕೆಲ್ಲ ಎಲ್ಲರೂ ಕೊಡೋ ಸಲಹೆ ಒಂದೇ, ವಾಟರ್‌ಮಾರ್ಕ್ ಹಾಕಿ ಅಂತ. ಹಾಕಿ, ಬೇಡ ಅನ್ನಲ್ಲ. ಆದರೆ ಅದರ ಮೇಲೆ ಭಾರ ಹಾಕಿ ಕೂರಬೇಡಿ. ಮೂಲೆಯಲ್ಲಿ ಹಾಕಿದ್ದನ್ನು ಕ್ರಾಪ್ ಮಾಡೋಕೆ ಎರಡು ಸೆಕೆಂಡು ಸಾಕು. ನಡುವೆ ಹಾಕಿದರೆ ಫೋನಿನಲ್ಲೇ ಇರೋ ಎರೇಸರ್ ಟೂಲು ಒರೆಸಿಬಿಡುತ್ತೆ. ಗೂಗಲ್ ಸಂಶೋಧಕರು 2017ರಲ್ಲೇ ಒಂದು ಪೇಪರಿನಲ್ಲಿ ತೋರಿಸಿದ್ದರು: ಒಂದೇ ವಾಟರ್‌ಮಾರ್ಕನ್ನು ಬಹಳಷ್ಟು ಚಿತ್ರಗಳ ಮೇಲೆ ಒಂದೇ ಥರ ಒತ್ತಿದರೆ, ಆ ಚಿತ್ರಗಳನ್ನೆಲ್ಲ ಹೋಲಿಸಿ ನೋಡಿ ವಾಟರ್‌ಮಾರ್ಕ್ ಯಾವುದು ಅಂತ ಕಂಪ್ಯೂಟರು ತಾನೇ ಕಂಡುಹಿಡಿದು ತೆಗೆಯಬಲ್ಲದು. ಪ್ರತಿ ಚಿತ್ರದಲ್ಲೂ ಅದನ್ನು ಸ್ವಲ್ಪ ಸೊಟ್ಟ ಮಾಡಿದರೆ ಕೆಲಸ ಕಷ್ಟವಾಗುತ್ತೆ ಅಂತಲೂ ಅದೇ ಪೇಪರು ಹೇಳಿತ್ತು. ತಮಾಷೆ ಅಂದ್ರೆ, ಹರಾಜಿನ ದೊಡ್ಡಣ್ಣ ಈಬೇಯ ನಿಯಮದಲ್ಲಿ ಫೋಟೋ ಮೇಲೆ ಅಕ್ಷರ, ಅಂಚುಪಟ್ಟಿ ಸೇರಿಸೋ ಹಾಗೇ ಇಲ್ಲ. ನೋಡೋಕೆ ಚೆನ್ನಾಗಿರಲ್ವಂತೆ!

ಈಬೇ 1995ರಲ್ಲಿ ಶುರುವಾದಾಗ ಪರಿಸ್ಥಿತಿ ಬೇರೆ ಇತ್ತು. ಆಗ ಮಾರುವವರು ಫೋಟೋವನ್ನು ತಮ್ಮದೇ ಜಾಗದಲ್ಲಿಟ್ಟು, ಹರಾಜಿನ ಪುಟಕ್ಕೆ ಅದರ ಲಿಂಕ್ ಮಾತ್ರ ಕೊಡುತ್ತಿದ್ದರು. ಕಳ್ಳ ಸೋಮಾರಿಯಾಗಿದ್ದರೆ ಫೋಟೋ ಇಳಿಸಿಕೊಳ್ಳದೆ ಅದೇ ಲಿಂಕನ್ನು ತನ್ನ ಪುಟದಲ್ಲೂ ಅಂಟಿಸುತ್ತಿದ್ದ. ಗೊತ್ತಾದ ಕೂಡಲೇ ಒಡೆಯರು ತಮ್ಮ ಫೋಟೋದ ಹೆಸರು ಬದಲಿಸಿ, ಹಳೇ ಹೆಸರಿನಲ್ಲಿ ‘ಈ ಫೋಟೋ ಕದ್ದದ್ದು’ ಅಂತ ದೊಡ್ಡಕ್ಷರದ ಚಿತ್ರ ಇಟ್ಟುಬಿಡುತ್ತಿದ್ದರು. ಕಳ್ಳನ ಅಂಗಡಿ ಮುಂದೆ ಕಳ್ಳನೇ ಬೋರ್ಡು ಹಾಕಿಕೊಂಡ ಹಾಗೆ. ಈಗ ಫೋಟೋಗಳನ್ನು ಜಾಲತಾಣವೇ ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುತ್ತೆ. ಆ ಕೀಲಿಕೈ ನಮ್ಮ ಹತ್ತಿರ ಇಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಫೋಟೋ ಕದಿಯೋದನ್ನು ತಡೆಯೋಕೆ ಹೋಗೋದೇ ವ್ಯರ್ಥ. ಕಣ್ಣಿಗೆ ಕಂಡದ್ದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆಯಬಹುದು. ತಡೆಯಬೇಕಾದ್ದು ಕದ್ದ ಫೋಟೋ ಕೆಲಸಕ್ಕೆ ಬರೋದನ್ನ. ನೆಟ್‌ವರ್ಕ್ ಸೆಕ್ಯುರಿಟಿ ಓದಿದವರಿಗೆ ಇದು ಹೊಸದಲ್ಲ. ಲಿಸ್ಟಿಂಗಿನ ಫೋಟೋ ಅನ್ನೋದು ಯಾವತ್ತೂ ಬದಲಾಗದ ಪಾಸ್‌ವರ್ಡ್ ಇದ್ದ ಹಾಗೆ. ಒಂದು ಸಲ ಕದ್ದು ಕೇಳಿದವನು ಅದನ್ನೇ ಮತ್ತೆ ಮತ್ತೆ ಹೇಳಿ ಒಳಗೆ ಬರಬಹುದು. ರಿಪ್ಲೇ ಅಟ್ಯಾಕ್ ಅಂತ ಪರೀಕ್ಷೆಯಲ್ಲಿ ಎಂಟು ಮಾರ್ಕ್ಸಿಗೆ ಬರೀತೀವಲ್ಲ, ಅದೇ. ಅದಕ್ಕೆ ಮದ್ದೂ ಅಲ್ಲೇ ಇದೆ: ಪ್ರತಿ ಸಲವೂ ಹೊಸ ಸವಾಲು ಹಾಕಿ ಹೊಸ ಉತ್ತರ ಕೇಳೋದು. ಚಾಲೆಂಜ್ ರೆಸ್ಪಾನ್ಸ್.

ಗಾಡಿ ಕೊಳ್ಳುವಾಗ ಇದನ್ನು ಮಾಡೋದು ತುಂಬಾ ಸುಲಭ. “ಅಣ್ಣ, ಸೀಟಿನ ಮೇಲೆ ಒಂದು ಚಮಚ ಇಟ್ಟು ಫೋಟೋ ತೆಗೆದು ಕಳಿಸ್ತೀರಾ?” ಅಂತ ಕೇಳಿ. ಲ್ಯಾಪ್‌ಟಾಪ್ ಆದರೆ ಕೀಬೋರ್ಡ್ ಮೇಲೆ ಚಾರ್ಜರ್ ಅಡ್ಡ ಇಟ್ಟು, ಸ್ಕ್ರೀನಿನಲ್ಲಿ ನಮ್ಮ ಹೆಸರು ಟೈಪ್ ಮಾಡಿ. ವಸ್ತು ಕೈಯಲ್ಲಿರೋನಿಗೆ ಇದು ಒಂದು ನಿಮಿಷದ ಕೆಲಸ. ಕದ್ದ ಫೋಟೋ ಇಟ್ಟುಕೊಂಡವನು ಡ್ಯೂಟಿ, ಬಾರ್ಡರು, ನೆಟ್‌ವರ್ಕ್ ಇಲ್ಲ ಅಂತ ಕಥೆ ಶುರು ಮಾಡುತ್ತಾನೆ. ಎಐ ಇರೋ ಕಾಲದಲ್ಲಿ ಚಮಚಾನೂ ಸೇರಿಸಬಹುದಲ್ಲ ಅಂತ ಕೇಳ್ತೀರಿ. ಸೇರಿಸಬಹುದು. ಅದಕ್ಕೇ ಕೊನೆಯ ಸವಾಲು ವಿಡಿಯೋ ಕಾಲು, ಅದಕ್ಕೂ ಮೇಲಿನದು ಗಾಡಿ ನಿಂತಿರೋ ಜಾಗಕ್ಕೇ ಹೋಗಿ ಕಿಕ್ಕರ್ ಹೊಡೆದು ನೋಡೋದು. ಅಲ್ಲಿವರೆಗೂ ಒಂದು ರೂಪಾಯಿ ಕೊಡಬಾರದು. ಇನ್ನೊಂದು ಮಾತು ಎಲ್ಲರಿಗೂ ಗೊತ್ತಿದ್ದರೂ ಹೇಳಲೇಬೇಕು. ದುಡ್ಡು ಬರೋದಕ್ಕೆ ಕ್ಯೂಆರ್ ಸ್ಕ್ಯಾನ್ ಮಾಡೋದಾಗಲಿ ಯುಪಿಐ ಪಿನ್ ಒತ್ತೋದಾಗಲಿ ಬೇಕಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತೆ, ಅಷ್ಟೇ.

ಮಾರುವಾಗ ನಾವು ಮಾಡಬೇಕಾದ್ದು ಸ್ವಲ್ಪ ಜಾಸ್ತಿ. ಒಂದು ಚೀಟಿಯಲ್ಲಿ ಹೆಸರು, ತಾರೀಖು, ಯಾವ ಜಾಲತಾಣ ಅಂತ ಪೆನ್ನಿನಲ್ಲಿ ಬರೆದು ವಸ್ತುವಿನ ಮೇಲೇ ಇಟ್ಟು ಫೋಟೋ ತೆಗೆಯಿರಿ. ಆಮೇಲೆ ಸೇರಿಸಿದ ಅಕ್ಷರ ಅಲ್ಲ ಇದು, ದೃಶ್ಯದ್ದೇ ಭಾಗ. ಮಡಿಕೆ, ನೆರಳು ಎಲ್ಲ ಇರೋದರಿಂದ ನೀಟಾಗಿ ಒರೆಸೋದು ವಾಟರ್‌ಮಾರ್ಕಿನಷ್ಟು ಸಲೀಸಲ್ಲ, ಒಂದು ತಿಂಗಳು ಕಳೆದರೆ ತಾರೀಖೇ ಕಳ್ಳನನ್ನು ಹಿಡಿದು ಕೊಡುತ್ತೆ. ಎರಡನೆಯದು ನಮಗೆ ತುಂಬಾ ಇಷ್ಟವಾದ ಉಪಾಯ: ಎಲ್ಲ ಫೋಟೋನೂ ಹಾಕಬೇಡಿ. ಫುಟ್‌ಬೋರ್ಡಿನ ಕೆಳಗಿನ ಗೀರು, ಲ್ಯಾಪ್‌ಟಾಪಿನ ತಳದ ಸ್ಟಿಕ್ಕರು, ಇಂಥ ಒಂದು ಫೋಟೋ ನಿಮ್ಮ ಹತ್ತಿರವೇ ಇರಲಿ. ನಾಳೆ ಇಬ್ಬರೂ ನನ್ನದು ಅಂದಾಗ ಆ ಫೋಟೋ ಇರೋದು ಒಬ್ಬನ ಹತ್ತಿರ ಮಾತ್ರ. ಹಾಕಿದ ಫೋಟೋಗಳ ಮೂಲ ಫೈಲುಗಳನ್ನೂ ಅಳಿಸಬೇಡಿ. ಅದರ ಎಕ್ಸಿಫ್‌ನಲ್ಲಿ ಕ್ಯಾಮೆರಾ, ಸಮಯ, ಲೊಕೇಶನ್ ಆನ್ ಇದ್ದರೆ ಜಾಗವೂ ಇರುತ್ತೆ. ಹಾಗಂತ ಆ ಮೂಲ ಫೈಲನ್ನೇ ಗೊತ್ತಿಲ್ಲದವರಿಗೆ ಕಳಿಸಿದರೆ ಮನೆ ವಿಳಾಸ ಬರೆದುಕೊಟ್ಟ ಹಾಗೆ.

ನಂಬರ್ ಪ್ಲೇಟು, ಐಎಂಇಐ, ಸೀರಿಯಲ್ ನಂಬರು ಮುಚ್ಚಿ. ಮುಚ್ಚಿದರೆ ಜನ ಅನುಮಾನ ಪಡ್ತಾರೆ ಅನ್ನೋ ವಾದ ನಾವೂ ಕೇಳಿದ್ದೀವಿ. ಪಡಲಿ ಬಿಡಿ, ಎದುರಿಗೆ ಬಂದಾಗ ತೋರಿಸೋಣ. ಆಧಾರ್ ಮಾತ್ರ ಗಾಡಿ ನೋಡೋಕೆ ಬರೋ ಮೊದಲೇ ಯಾರಿಗೂ ಬೇಕಿಲ್ಲ. ಕೊಡಲೇಬೇಕಾಗಿ ಬಂದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ. ಅದರ ಮೇಲೂ ಯಾರಿಗೆ, ಯಾತಕ್ಕೆ, ಯಾವತ್ತು ಕೊಟ್ಟಿದ್ದು ಅಂತ ಅಡ್ಡಕ್ಕೆ ಬರೆದೇ ಕೊಡಿ.

ಇಷ್ಟೆಲ್ಲ ನಾವೇ ಮಾಡಬೇಕಾ, ಜಾಲತಾಣದವರು ಏನು ಮಾಡ್ತಿದ್ದಾರೆ? ನಮಗೆ ಸಿಟ್ಟು ಬರೋದು ಇಲ್ಲೇ. ಒಂದು ಫೋಟೋ ಮೊದಲೇ ಬೇರೆ ಹೆಸರಿನಲ್ಲಿ ಬಂದಿದೆಯಾ ಅಂತ ನೋಡೋದು ಎರಡನೇ ವರ್ಷದ ಮಿನಿ ಪ್ರಾಜೆಕ್ಟು. ಎಸ್‌ಎಚ್‌ಎ-256 ಇದಕ್ಕೆ ಆಗಲ್ಲ, ಒಂದು ಪಿಕ್ಸೆಲ್ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತೆ. ಅದಕ್ಕೇ ಡಿಫರೆನ್ಸ್ ಹ್ಯಾಶ್ ಅಂತ ಇದೆ. ಚಿತ್ರವನ್ನು 9 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರಕ್ಕೆ ಕುಗ್ಗಿಸಿ, ಬಣ್ಣ ತೆಗೆದು, ಪ್ರತಿ ಸಾಲಿನಲ್ಲೂ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳಲ್ಲಿ ಯಾವುದು ಹೆಚ್ಚು ಬೆಳಕಾಗಿದೆ ಅಂತ ನೋಡಿ 0 ಅಥವಾ 1 ಬರೆಯೋದು. ಸಾಲಿಗೆ 8ರಂತೆ ಒಟ್ಟು 64 ಬಿಟ್. ಸೈಜು ಬದಲಿಸಿದರೂ, ಬ್ರೈಟ್‌ನೆಸ್ ಏರಿಸಿದರೂ ಈ 64ರಲ್ಲಿ ಕೆಲವೇ ಬಿಟ್‌ಗಳು ಬದಲಾಗುತ್ತವೆ. ಎರಡು ಹ್ಯಾಶ್‌ಗಳ ಹ್ಯಾಮಿಂಗ್ ದೂರ ಕಡಿಮೆ ಇದ್ದರೆ ಎರಡೂ ಒಂದೇ ಫೋಟೋ ಇರಬಹುದು. ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಾಕೋದು ಕಳ್ಳರ ಹಳೇ ಚಾಳಿ, ಅದಕ್ಕೆ ತಿರುಗಿಸಿದ ಚಿತ್ರದ ಹ್ಯಾಶನ್ನೂ ಇಟ್ಟುಕೊಂಡರಾಯ್ತು. ಜಾಸ್ತಿ ಕ್ರಾಪ್ ಮಾಡಿದರೆ ಇದು ಸೋಲುತ್ತೆ, ನಿಜ. ಆದರೆ ಇದಕ್ಕಿಂತ ಗಟ್ಟಿಯಾದ ವಿಧಾನಗಳೂ ಬಂದು ಕಾಲವಾಯ್ತು. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಪತ್ತೆ ಮಾಡೋಕೆ ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜು ಸೇರಿ ಫೋಟೋಡಿಎನ್ಎ ಮಾಡಿದ್ದು 2009ರಲ್ಲಿ.

ಕಂಪನಿ ಕ್ಯಾಟಲಾಗಿನ ಫೋಟೋವನ್ನು ಸಾವಿರ ಜನ ಹಾಕಿರ್ತಾರೆ, ಡೀಲರ್ ತನ್ನದೇ ಫೋಟೋವನ್ನು ಮತ್ತೆ ಹಾಕಿರ್ತಾನೆ, ಅವರನ್ನೆಲ್ಲ ಓಡಿಸೋಕಾಗುತ್ತಾ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಓಡಿಸಬೇಡಿ. ಬೇರೆ ಖಾತೆಯ ಫೋಟೋಗೆ ಹೊಂದಿದರೆ ಆ ಲಿಸ್ಟಿಂಗನ್ನು ಸ್ವಲ್ಪ ಹೊತ್ತು ತಡೆದು, ‘ಈ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ವಸ್ತುವಿನ ಪಕ್ಕ ಇಟ್ಟು ಫೋಟೋ ಹಾಕಿ’ ಅಂತ ಕೇಳಿ. ನಿಜವಾದ ಒಡೆಯನಿಗೆ ಎರಡು ನಿಮಿಷದ ತೊಂದರೆ. ಈ ಎರಡು ನಿಮಿಷದ ಭಯಕ್ಕೆ, ಲಿಸ್ಟಿಂಗ್ ಸಂಖ್ಯೆ ಕಡಿಮೆಯಾದೀತು ಅನ್ನೋ ಭಯಕ್ಕೆ, ಹೊರೆಯನ್ನೆಲ್ಲ ‘ಎಚ್ಚರಿಕೆಯಿಂದ ವ್ಯವಹರಿಸಿ’ ಅನ್ನೋ ಹಳದಿ ಪಟ್ಟಿಗೆ ವಹಿಸಿ ಕೂತಿದ್ದಾರೆ ಅನ್ನೋದು ನಮ್ಮ ಅನುಮಾನ.

ಕಾನೂನಿನ ಕಡೆಯಿಂದಲೂ ಒಂದು ದಾರಿ ಇದೆ, ಅದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ನೋಂದಣಿ ಏನೂ ಬೇಕಿಲ್ಲ, ಹಳೇ ಸೈಕಲ್ಲಿನ ಫೋಟೋ ಆದರೂ ಸರಿ. 2013ರ ಕಾಪಿರೈಟ್ ನಿಯಮಗಳಲ್ಲಿ 75ನೆಯದರಂತೆ ಲಿಖಿತ ದೂರು ಕೊಟ್ಟರೆ, ದೂರು ಸರಿ ಅನ್ನಿಸಿದಲ್ಲಿ ಜಾಲತಾಣ 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು, ಕೋರ್ಟಿಗೆ ಹೋಗ್ತೀನಿ ಅಂತ ಬರೆದೂ ಕೊಡಬೇಕು. ಸ್ಟೂಡೆಂಟಿಗೆ ಇದು ಹಗುರದ ಮಾತಲ್ಲ. ಆದರೂ ‘ಯಾರೋ ಮೋಸ ಮಾಡ್ತಿದ್ದಾರೆ’ ಅನ್ನೋ ದೂರಿಗಿಂತ ‘ಇದು ನಾನು ತೆಗೆದ ಫೋಟೋ, ಮೂಲ ಫೈಲು ಇಗೋ’ ಅನ್ನೋ ದೂರಿಗೆ ತೂಕ ಜಾಸ್ತಿ, ಗಡುವೂ ಇದೆ. ನಮ್ಮ ಹೆಸರು, ಕಾಗದ ಬಳಸಿ ಬೇರೆಯವರಿಗೆ ಮೋಸ ಆಗಿದ್ದರೆ ಐಟಿ ಕಾಯ್ದೆಯ 66ಸಿ, 66ಡಿ ಕಲಮುಗಳಿವೆ, 3 ವರ್ಷದವರೆಗೆ ಜೈಲು. ದುಡ್ಡು ಹೋಗಿದ್ದರೆ ಮಾತ್ರ ಕಲಮು ಹುಡುಕುತ್ತಾ ಕೂರಬೇಡಿ, ಮೊದಲು 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಖಾತೆಯಲ್ಲಿ ದುಡ್ಡು ಸಿಕ್ಕಿಹಾಕಿಕೊಳ್ಳೋ ಸಾಧ್ಯತೆ ಜಾಸ್ತಿ. ನಮ್ಮ ಫೋಟೋ ಕದ್ದಿದ್ದಾರೆ ಅಂತ ಗೊತ್ತಾದ ದಿನವೇ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ಒಂದು ದೂರು ಹಾಕಿಟ್ಟರೆ, ಮುಂದೆ ಸ್ಟೇಷನ್ನಿನಿಂದ ಫೋನ್ ಬಂದಾಗ ತೋರಿಸೋಕೆ ಒಂದು ಕಾಗದ ಇರುತ್ತೆ.

ದೊಡ್ಡ ಕಂಪನಿಗಳು ಯಾವಾಗ ಮಾಡ್ತಾವೋ ಕಾಯೋದು ಬೇಡ, ನಮ್ಮ ಸಂತೆಯಲ್ಲಾದರೂ ಶುರು ಮಾಡೋಣ. ಕ್ಯಾಂಪಸ್ ಬೈ-ಸೆಲ್ ಗ್ರೂಪಿನ ಅಡ್ಮಿನ್‌ಗಳಿಗೆ ನಮ್ಮದೊಂದು ಬೇಡಿಕೆ: ತಾರೀಖಿನ ಚೀಟಿ ಇಲ್ಲದ ಫೋಟೋ ಬಂದರೆ ಡಿಲೀಟ್ ಮಾಡಿ, ಗ್ರೂಪಿನ ಡಿಸ್ಕ್ರಿಪ್ಷನ್ನಿನಲ್ಲಿ ಇದನ್ನೇ ಮೊದಲ ಸಾಲಾಗಿ ಬರೆದು ಹಾಕಿ. ಕೋಡಿಂಗ್ ಕ್ಲಬ್ಬಿನವರಿಗೆ ಇನ್ನೊಂದು: ಮೇಲೆ ಹೇಳಿದ 64 ಬಿಟ್ ಹ್ಯಾಶ್ ಲೆಕ್ಕ ಹಾಕಿ, ನಮ್ಮ ಗ್ರೂಪಿಗೆ ಬರೋ ಫೋಟೋ ಹಿಂದೆ ಬೇರೆ ನಂಬರಿನಿಂದ ಬಂದಿತ್ತಾ ಅಂತ ಹೇಳೋ ಒಂದು ಪುಟ್ಟ ಪುಟ ಮಾಡಿಕೊಡಿ. ಹೆಸರಿಡೋದು, ಕನ್ನಡದಲ್ಲಿ ಸೂಚನೆ ಬರೆಯೋದು, ಟೆಸ್ಟ್ ಮಾಡೋಕೆ ಹಳೇ ಫೋಟೋ ಒಟ್ಟುಮಾಡೋದು ನಮ್ಮ ಜವಾಬ್ದಾರಿ. ಬರೋರು ಶನಿವಾರ ಕ್ಲಾಸ್ ಮುಗಿದ ಮೇಲೆ ಕನ್ನಡ ಸಂಘದ ರೂಮಿಗೆ ಬನ್ನಿ.