ಭೂಗೋಳದ ಎಂಎಗೆ ಸ್ಕೋಪ್ ಇದೆಯಾ ಎಂದು ಕೇಳುವವರಿಗೆ

ಪದವಿ ಫಲಿತಾಂಶ ಬಂದ ವಾರ ನಮಗೆ ಬರುವ ಫೋನುಗಳಲ್ಲಿ ಈ ಪ್ರಶ್ನೆ ತಪ್ಪುವುದೇ ಇಲ್ಲ: 'ಸರ್, ಬಿಎನಲ್ಲಿ ಎಚ್‌ಇಜಿ ಇತ್ತು. ಜಿಯಾಗ್ರಫಿ ಎಂಎ ಮಾಡಿದ್ರೆ ಸ್ಕೋಪ್ ಇದೆಯಾ?' ಪತ್ರಿಕೋದ್ಯಮ ಓದಿದವರನ್ನು ಸ್ಕೋಪ್ ಬಗ್ಗೆ ಕೇಳುವುದೇ ಒಂದು ತಮಾಷೆ. ಆದರೂ ಹಳ್ಳಿಯ ಹುಡುಗರು, ಹುಡುಗಿಯರು ಕೇಳಲು ಬೇರೆ ಯಾರೂ ಸಿಗದೆ ನಮ್ಮನ್ನು ಕೇಳುತ್ತಾರೆ. ಹಾಗಾಗಿ ಸಿಟ್ಟಿನಿಂದಲೇ ಇದನ್ನು ಬರೆಯುತ್ತಿದ್ದೇವೆ. ಸಿಟ್ಟು ಕೇಳಿದವರ ಮೇಲಲ್ಲ.

ಮಾರ್ಗದರ್ಶನ ಶಿಬಿರಗಳಲ್ಲಿ ಸಿಗುವ ಉತ್ತರ ಎಲ್ಲರಿಗೂ ಬಾಯಿಪಾಠ. ಧಾರವಾಡದ ಕರ್ನಾಟಕ ವಿವಿ, ಮೈಸೂರು ವಿವಿ, ಬೆಂಗಳೂರು ವಿವಿ, ಬೆಳಗಾವಿಯ ರಾಣಿ ಚನ್ನಮ್ಮ ವಿವಿಗಳಲ್ಲಿ ವಿಭಾಗವಿದೆ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಎಂಎ ಮಾಡಬಹುದು, ಎಂಎಸ್ಸಿ ಮಾಡಬಹುದು, ಕಂಪ್ಯೂಟರ್ ಬಂದರೆ ಜಿಯೋಇನ್ಫರ್ಮ್ಯಾಟಿಕ್ಸ್ ಮಾಡಬಹುದು. ಆಮೇಲೆ ನೆಟ್, ಕೆಸೆಟ್, ಬಿಎಡ್ ಮಾಡಿಕೊಂಡರೆ ಪಿಯು ಉಪನ್ಯಾಸಕರ ಹುದ್ದೆ, ಧೈರ್ಯವಿದ್ದರೆ ಯುಪಿಎಸ್‌ಸಿ. ಪವರ್‌ಪಾಯಿಂಟಿನಲ್ಲಿ ಇವೆಲ್ಲ ಒಂದೇ ಅಳತೆಯ ಡಬ್ಬಿಗಳಾಗಿ ಕಾಣುತ್ತವೆ.

ಆದರೆ ಒಂದೇ ಅಳತೆಯವಲ್ಲ. ಕೆಲವು ಕಡೆ ಎಂಎ, ಎಂಎಸ್ಸಿ ಅನ್ನುವುದು ಒಂದೇ ಕೊಠಡಿ, ಒಂದೇ ಮೇಷ್ಟ್ರು, ಒಂದೇ ಪ್ರಶ್ನೆಪತ್ರಿಕೆ. ಬಿಎಯಿಂದ ಬಂದವನಿಗೆ ಒಂದು ಹೆಸರು, ಬಿಎಸ್ಸಿಯಿಂದ ಬಂದವನಿಗೆ ಇನ್ನೊಂದು. ಅಂದರೆ ಈ 'ಆಯ್ಕೆ' ಅವನು ಹತ್ತನೇ ತರಗತಿ ಮುಗಿಸಿ, ಊರ ಹತ್ತಿರದ ಕಾಲೇಜಿನಲ್ಲಿ ವಿಜ್ಞಾನ ಇಲ್ಲದೆ ಆರ್ಟ್ಸ್ ಸೇರಿದ ದಿನವೇ ಮುಗಿದುಹೋಗಿತ್ತು. ಜಿಯೋಇನ್ಫರ್ಮ್ಯಾಟಿಕ್ಸ್ ಮಾತು ಕೇಳಲೇಬೇಡಿ. ಅದಕ್ಕೆ ಸ್ವಂತ ಲ್ಯಾಪ್‌ಟಾಪ್ ಬೇಕು, ಸಂಜೆ ಲ್ಯಾಬಿನಲ್ಲಿ ಕೂರಲು ಪುರುಸೊತ್ತು ಬೇಕು. ಐದು ಗಂಟೆಯ ಬಸ್ ತಪ್ಪಿದರೆ ಮನೆ ಸೇರಲಾಗದ ಹುಡುಗಿಗೆ ಎರಡೂ ಇಲ್ಲ.

ಇನ್ನೊಂದು ಚೋದ್ಯ. ಭೂಗೋಳದಲ್ಲಿ ಸ್ನಾತಕೋತ್ತರ ಮಾಡಿದ ಮಾತ್ರಕ್ಕೆ ನಮ್ಮ ರಾಜ್ಯದಲ್ಲಿ ಭೂಮಾಪಕರಾಗಲು ಆಗುವುದಿಲ್ಲ. ಅಲ್ಲಿ ಕೇಳುವುದು ಸಿವಿಲ್ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಸರ್ವೆ ಅಥವಾ ಪಿಯುಸಿ ವಿಜ್ಞಾನದ ಗಣಿತ. ಪೋಡಿ ಆಗದೆ, ಹದ್ದುಬಸ್ತು ಆಗದೆ ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆಯುವವರು ಎಲ್ಲ ಊರಿನಲ್ಲೂ ಇದ್ದಾರೆ. ನಕ್ಷೆ ಓದುವುದನ್ನೇ ಎರಡು ವರ್ಷ ಕಲಿತವನು ಅದೇ ಊರಲ್ಲಿ ಕೆಲಸವಿಲ್ಲದೆ ಕೂತಿರುತ್ತಾನೆ. ಇಬ್ಬರನ್ನೂ ಜೋಡಿಸಬೇಕು ಎಂದು ಯಾವ ಇಲಾಖೆಗೂ ಅನಿಸಿಲ್ಲ. ವಿಭಾಗಗಳೂ ಗಟ್ಟಿಯಾಗಿ ಕೇಳಿದ್ದನ್ನು ನಾವು ಕಂಡಿಲ್ಲ.

ನೌಕರಿಯ ಮಾತು ಅಷ್ಟು ಸಾಕು. ನಮ್ಮ ಜಗಳ ಇರುವುದು ಆ ಎರಡು ವರ್ಷದಲ್ಲಿ ಏನು ಕಲಿಸುತ್ತಾರೆ ಎಂಬುದರ ಬಗ್ಗೆ. ಯಾಕೆಂದರೆ ಹಳ್ಳಿಯ ಬದುಕು ಈಗ ನಕ್ಷೆಯ ಮೇಲೆಯೇ ತೀರ್ಮಾನವಾಗುತ್ತಿದೆ.

2023ರ ಬರ ನೆನಪಿಸಿಕೊಳ್ಳಿ. ಸೆಪ್ಟೆಂಬರಿನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಬಿಟ್ಟುಹೋದವರು ದನಿ ಎತ್ತಿದರು, ಪಟ್ಟಿ ಬೆಳೆಯಿತು, ಕೊನೆಗೆ 236 ತಾಲ್ಲೂಕುಗಳಲ್ಲಿ 223 ಸೇರಿದವು. ಪತ್ರಿಕೆಗಳಲ್ಲಿ ಬಂದದ್ದು ಧರಣಿಯ ಫೋಟೊ, ಒಣಗಿದ ಜೋಳದ ಫೋಟೊ. ಪಕ್ಕದ ತಾಲ್ಲೂಕು ಮೊದಲ ಪಟ್ಟಿಯಲ್ಲಿದ್ದು ನಮ್ಮದು ಯಾಕಿರಲಿಲ್ಲ ಎಂಬುದಕ್ಕೆ ಉತ್ತರ ಇದ್ದದ್ದು ಕೇಂದ್ರದ 2016ರ ಬರ ಕೈಪಿಡಿಯಲ್ಲಿ. ಮೊದಲು ಮಳೆ ಕೊರತೆ, ವಾರಗಟ್ಟಲೆಯ ಒಣಹವೆ ನೋಡುತ್ತಾರೆ. ಆಮೇಲೆ ಉಪಗ್ರಹ ಚಿತ್ರದಿಂದ ಲೆಕ್ಕ ಹಾಕಿದ ಹಸಿರಿನ ಸೂಚ್ಯಂಕ, ಬಿತ್ತನೆ ಪ್ರದೇಶ, ಮಣ್ಣಿನ ತೇವಾಂಶ, ಜಲಾಶಯ ಮತ್ತು ಅಂತರ್ಜಲ. ಕೊನೆಗೆ ತಾಲ್ಲೂಕಿನ ಶೇ 10ರಷ್ಟು ಹಳ್ಳಿಗಳಿಗೆ ಹೋಗಿ ಹೊಲದಲ್ಲಿ ನಿಂತು ನೋಡಬೇಕು.

ಇಲ್ಲಿರುವ ಒಂದೊಂದು ಹೆಜ್ಜೆಯೂ ಭೂಗೋಳದ ಎಂಎ ಪಠ್ಯದಲ್ಲಿದೆ. ಹವಾಮಾನಶಾಸ್ತ್ರ, ದೂರಸಂವೇದಿ, ಸಂಖ್ಯಾಶಾಸ್ತ್ರ, ಕ್ಷೇತ್ರಕಾರ್ಯ, ಎಲ್ಲ. ಉಪಗ್ರಹಕ್ಕೆ ಹಸಿರಾಗಿ ಕಂಡದ್ದು ಬೆಳೆಯೋ ಜಾಲಿಯೋ ಎಂದು ಹೇಳಬೇಕಾದವರು ಅದೇ ಮಣ್ಣಿನಲ್ಲಿ ಹುಟ್ಟಿ ಅದೇ ಶಾಸ್ತ್ರ ಓದಿದವರು. ಆ ಶೇ 10ರಲ್ಲಿ ನಿಮ್ಮೂರು ಇರದಿದ್ದರೆ ಪ್ರಶ್ನೆ ಕೇಳಬೇಕಾದವರೂ ಅವರೇ. ಆದರೆ ಬರದ ಆ ವರ್ಷ ನಮಗೆ ಪರಿಚಯದ ಭೂಗೋಳ ವಿದ್ಯಾರ್ಥಿಗಳು ಡೇವಿಸನ ಸವೆತ ಚಕ್ರದ ನೋಟ್ಸ್ ಜೆರಾಕ್ಸ್ ಮಾಡಿಸುತ್ತಿದ್ದರು. ಡೇವಿಸನ ಮೇಲೆ ನಮಗೇನೂ ದ್ವೇಷವಿಲ್ಲ. ಆತನನ್ನು ಓದಿ, ನಂತರ ಊರಾಚೆಯ ಹಳ್ಳಕ್ಕೂ ಒಮ್ಮೆ ಕರೆದುಕೊಂಡು ಹೋಗಿ ಅನ್ನುತ್ತಿದ್ದೇವೆ, ಅಷ್ಟೆ.

ಮಲೆನಾಡಿನ ಕತೆ ಇನ್ನೂ ಕಠಿಣ. ಕಸ್ತೂರಿರಂಗನ್ ವರದಿ 2013ರಲ್ಲಿ ಬಂತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶವೆಂದಿತು. ಉಪಗ್ರಹ ಚಿತ್ರದಲ್ಲಿ ಅಡಿಕೆ, ಕಾಫಿ ತೋಟಗಳೂ ಕಾಡಾಗಿ ಕಂಡಿವೆ ಎಂದು ತೋಟದವರು ತಕರಾರು ಎತ್ತಿದರು. ಕಾಡು ಉಳಿಯಬೇಕೆಂಬವರು ಅದನ್ನು ನೆಪ ಎಂದರು. ಕೂಗಾಡಿದವರಲ್ಲಿ ಎರಡೂ ಕಡೆ ಆ ನಕ್ಷೆ ತೆರೆದು ತಮ್ಮೂರನ್ನು ನೋಡಿದವರು ಬೆರಳೆಣಿಕೆಯಷ್ಟು. ನಾವು ಇಲ್ಲಿ ಯಾರ ಪರವೂ ಅಲ್ಲ. ಆದರೆ ಕಾನು, ಸೊಪ್ಪಿನಬೆಟ್ಟ, ಬ್ಯಾಣ, ಹಕ್ಕಲು ಇವು ನಾಲ್ಕೂ ಬೇರೆ ಬೇರೆ ಎಂದು ಅಜ್ಜಿಗೂ ಗೊತ್ತಿರುವಾಗ, ನಕ್ಷೆಯ ಬಣ್ಣಪಟ್ಟಿಯಲ್ಲಿ ಅವಕ್ಕೆ ಜಾಗವಿಲ್ಲ ಎಂದು ಸಾಕ್ಷಿ ಸಮೇತ ತೋರಿಸುವ ಕೆಲಸ ಯಾರದ್ದು? ಒಂದು ಬ್ಯಾಚಿನ ವಿದ್ಯಾರ್ಥಿಗಳು ತಲಾ ಒಂದು ಹಳ್ಳಿ ಹಿಡಿದು ಪ್ರಬಂಧ ಬರೆದಿದ್ದರೆ ಗ್ರಾಮಸಭೆಗಳ ಕೈಯಲ್ಲಿ ಗಟ್ಟಿ ಕಾಗದ ಇರುತ್ತಿತ್ತು. ಅದು ತೋಟದವರ ಪರವಾಗಿ ಬಂದರೂ ಸರಿ, ಕಾಡಿನ ಪರವಾಗಿ ಬಂದರೂ ಸರಿ.

ಬದಲಿಗೆ ಪ್ರಬಂಧಗಳು ಹೇಗಿವೆ? 'ಇಂಥ ಜಿಲ್ಲೆಯ ಭೂಬಳಕೆ ಮಾದರಿ', 'ಇಂಥ ತಾಲ್ಲೂಕಿನ ಜನಸಂಖ್ಯಾ ಹಂಚಿಕೆ'. ಅಂಕಿಅಂಶ 2011ರ ಜನಗಣತಿಯದ್ದು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗ ನಡೆಯಲಿಲ್ಲ, ಆದ್ದರಿಂದ ವರ್ಷ ವರ್ಷವೂ ಅದೇ ಹಳಸಲು ಅನ್ನಕ್ಕೆ ಹೊಸ ಒಗ್ಗರಣೆ. ಸರ್ಕಾರ ಎಣಿಸದಿದ್ದ ಈ ವರ್ಷಗಳಲ್ಲೇ ತಾನೇ ವಿದ್ಯಾರ್ಥಿಗಳು ಮನೆ ಮನೆಗೆ ಹೋಗಿ ಎಣಿಸಬೇಕಾದದ್ದು? ಕ್ಷೇತ್ರಕಾರ್ಯ ಅನ್ನುವುದು ಊಟಿ, ಕೊಡೈಕೆನಾಲ್ ಪ್ರವಾಸವಾಗಿ, ವರದಿ ಅನ್ನುವುದು ಸೀನಿಯರ್ ಕೊಟ್ಟ ಫೈಲಿನಲ್ಲಿ ಇಸವಿ ಬದಲಿಸುವುದಾಗಿ ಇಳಿದಿರುವುದು ವಿಭಾಗಗಳ ಒಳಗಿದ್ದವರಿಗೆ ಗುಟ್ಟೇನೂ ಅಲ್ಲ.

ಭಾಷೆಯದ್ದು ಬೇರೆಯೇ ಗೋಳು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಭೂಗೋಳವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಬರೆಯಲು ಬೇಕಾದ ಮಟ್ಟದ ಪುಸ್ತಕಗಳನ್ನು ಮಾತ್ರ ಹುಡುಕಿ ಹುಡುಕಿ ಸುಸ್ತಾಗಬೇಕು. ಅತ್ತ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ. ಎರೆ, ಮಸಾರಿ, ಕರಲು ಎಂದು ಮಣ್ಣನ್ನು ಕಾಲಲ್ಲಿ ತುಳಿದೇ ಗುರುತಿಸುವವನು ತರಗತಿಯಲ್ಲಿ ಬಾಯಿ ಬಿಡದೆ ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಪಾರಿಭಾಷಿಕ ಪದಕೋಶ ಮಾಡಿ ಅನುವಾದಿಸಿದರೆ ಇದು ಸರಿಹೋಗುತ್ತದೆ ಎಂಬ ನಂಬಿಕೆ ನಮಗಿಲ್ಲ. ಸಂಸ್ಕೃತದ ಕಬ್ಬಿಣದ ಕಡಲೆ ಇನ್ನೊಂದು ಬಗೆಯ ಇಂಗ್ಲಿಷೇ.

'ದುಡ್ಡಿಲ್ಲ, ಸಾಫ್ಟ್‌ವೇರ್ ದುಬಾರಿ' ಎಂಬ ಉತ್ತರವನ್ನು ಇನ್ನು ಒಪ್ಪಲು ಆಗದು. ಕ್ಯೂಜಿಐಎಸ್ ಪುಕ್ಕಟೆ. ಇಸ್ರೋದ ಭುವನ್ 2009ರಿಂದ ಇದೆ. ಸೆಂಟಿನೆಲ್-2ರ 10 ಮೀಟರ್ ಸ್ಪಷ್ಟತೆಯ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸರ್ವೆ ಆಫ್ ಇಂಡಿಯಾ ತನ್ನ 250ನೇ ವರ್ಷದಲ್ಲಿ, ಅಂದರೆ 2017ರಲ್ಲಿ, ಸ್ಥಳಾಕೃತಿ ನಕ್ಷೆಗಳನ್ನು ಉಚಿತವಾಗಿ ಕೊಡಲು ಶುರುಮಾಡಿತು. ಆ ತಾಣದ ಹೆಸರೇ 'ನಕ್ಷೆ' (ಹಿಂದಿಯಲ್ಲಿ ಇಟ್ಟದ್ದಿರಬಹುದು, ನಮಗೂ ಪರಕೀಯವಲ್ಲ). 2021ರ ಫೆಬ್ರುವರಿಯ ಮಾರ್ಗಸೂಚಿ ಬಂದ ಮೇಲೆ ನಕ್ಷೆ ಮಾಡಲು ಭಾರತೀಯರು ಮೊದಲೇ ಅನುಮತಿ ಪಡೆಯಬೇಕಾದ ಕಾಟವೂ ಹೋಯಿತು. ನಿಜವಾಗಿ ಇಲ್ಲದಿರುವುದು ಕಾಯಂ ಮೇಷ್ಟ್ರುಗಳು. ಖಾಲಿ ಹುದ್ದೆ ತುಂಬದೆ ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ವಿಭಾಗ ಹೊರಿಸಿ, ಅವರ ಸಂಬಳವನ್ನೂ ತಡಮಾಡಿ, ಅವರೇ ಹಳ್ಳಿಗೂ ಕರೆದೊಯ್ಯಲಿ ಎಂದರೆ ಅದು ದೌರ್ಜನ್ಯ. ಇದರ ಹೊಣೆ ಸರ್ಕಾರದ್ದು ಮತ್ತು ಘಟಿಕೋತ್ಸವಕ್ಕೆ ಇರುವ ಉತ್ಸಾಹ ನೇಮಕಾತಿಗೆ ಇಲ್ಲದ ಕುಲಪತಿಗಳದ್ದು.

ವಿಚಿತ್ರವೆಂದರೆ ತರಗತಿಯಲ್ಲಿ ಆಗದ್ದು ಹೊಲದಲ್ಲಿ ಆಗುತ್ತಿದೆ. ಕೃಷಿ ಇಲಾಖೆಯ ಬೆಳೆ ಸಮೀಕ್ಷೆಗೆ ಪ್ರತಿ ಊರಲ್ಲೂ 'ಪಿಆರ್' ಎಂದು ಹುಡುಗರನ್ನು ಹಿಡಿಯುತ್ತಾರೆ. ಸರ್ವೆ ನಂಬರಿನೊಳಗೆ ನಿಂತು, ಜಿಪಿಎಸ್ ಹಿಡಿದು, ಬೆಳೆಯ ಫೋಟೊ ತೆಗೆದು ಆ್ಯಪಿಗೆ ಏರಿಸಿದರೆ ಪ್ಲಾಟಿಗೆ ಇಂತಿಷ್ಟು ಕಾಸು. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆ ಎಲ್ಲದಕ್ಕೂ ಅದೇ ದಾಖಲೆ. ಎಂಎ ಮಾಡಲೋ ಬೇಡವೋ ಎಂದು ನಮಗೆ ಫೋನು ಮಾಡುವವರಲ್ಲಿ ಕೆಲವರು ಈಗಾಗಲೇ ಈ ಕೆಲಸ ಮಾಡಿದವರು. ಅದಕ್ಕೆ ಕ್ರೆಡಿಟ್ ಕೊಡುವ ವಿಶ್ವವಿದ್ಯಾಲಯ ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಹಾಗಾದರೆ ಸೇರಬೇಕೋ ಬೇಡವೋ? ಸೇರಿ. ಆದರೆ ಅರ್ಜಿ ಶುಲ್ಕ ಕಟ್ಟುವ ಮೊದಲು ಒಂದು ದಿನ ಆ ವಿಭಾಗಕ್ಕೆ ಹೋಗಿ. ಕಟ್ಟಡ, ಗೋಡೆಯ ಮೇಲಿನ ಭೂಪಟ ನೋಡಿ ಮರುಳಾಗಬೇಡಿ. ಕಂಪ್ಯೂಟರ್ ಲ್ಯಾಬಿನ ಬೀಗ ಯಾವಾಗ ತೆಗೆಯುತ್ತಾರೆ, ಎಂಎ ಓದುವವರಿಗೂ ಒಳಗೆ ಬಿಡುತ್ತಾರಾ ಎಂದು ಅಟೆಂಡರನ್ನು ಕೇಳಿ. ನಿಜ ಹೇಳುವವರು ಅವರೇ. ಆಮೇಲೆ ಗ್ರಂಥಾಲಯದಲ್ಲಿ ಕಳೆದ ವರ್ಷದ ಪ್ರಬಂಧಗಳನ್ನು ತೆಗೆಸಿ. ಅದರಲ್ಲಿ ಒಂದಾದರೂ ಊರಿನ ಹೆಸರು, ವಿದ್ಯಾರ್ಥಿ ತಾನೇ ಅಳೆದು ಬರೆದ ಒಂದಾದರೂ ನಕ್ಷೆ ಸಿಕ್ಕರೆ ಅಲ್ಲೇ ಶುಲ್ಕ ಕಟ್ಟಿ. ಸಿಗದಿದ್ದರೆ ಯಾಕಿಲ್ಲ ಎಂದು ವಿಭಾಗದ ಮುಖ್ಯಸ್ಥರ ಕೊಠಡಿಗೆ ಹೋಗಿ ಕೇಳಿ. ನಾಲ್ಕೈದು ಮಂದಿ ಕೂಡಿ ಹೋದರೆ ಒಳ್ಳೆಯದು.