ಶಾಮಿಯಾನದೊಳಗಿನ ವನಮಹೋತ್ಸವ



ಕೆಲವು ವರ್ಷಗಳ ಹಿಂದೆ ನಮ್ಮನ್ನೊಂದು ವನಮಹೋತ್ಸವಕ್ಕೆ ಬಿಜಯಮಾಡಿಸಿದ್ದರು. ವೇದಿಕೆ, ಹಾರ, ಧ್ವನಿವರ್ಧಕ ಯಾವುದಕ್ಕೂ ಕೊರತೆಯಿರಲಿಲ್ಲ. ಸಸಿ ನೆಡಲೆಂದು ಬಾಗಿದರೆ, ಹಿಂದಿನ ವರ್ಷ ನೆಟ್ಟು ಒಣಗಿಹೋದ ಸಸಿಯ ಬುಡ ಅದೇ ಗುಂಡಿಯಲ್ಲಿತ್ತು. ನಾವು ಅದರ ಪಕ್ಕದಲ್ಲಿಯೇ ಹೊಸದನ್ನು ನೆಟ್ಟು, ಆಶೀರ್ವಚನ ನೀಡಿ ಮರಳಿದೆವು. ಅಂದಿನ ಮೌನಕ್ಕಾಗಿ ಇಂದಿಗೂ ನಮಗೆ ನಾಚಿಕೆಯಿದೆ.

1950ರಲ್ಲಿ ಕೆ. ಎಂ. ಮುನ್ಶಿಯವರು ಈ ಉತ್ಸವವನ್ನು ಆರಂಭಿಸಿದಾಗ ಅದರ ಉದ್ದೇಶ ಘನವಾಗಿದ್ದಿತು. ಈಗಲಾದರೋ, ಇರುವ ಕಾಡನ್ನು ಕಡಿಯಲು ಬಿಟ್ಟವರು ವರ್ಷಕ್ಕೊಮ್ಮೆ ಮಾಡಿಕೊಳ್ಳುವ ಅಗ್ಗದ ಪ್ರಾಯಶ್ಚಿತ್ತವಾಗಿ ಅದು ಉಳಿದಿದೆ. ಬಿಸಿಲೆ ಸೀಮೆಯ ಕಾಡಿನಲ್ಲಿ ಮಣ್ಣು, ಬೇರು, ತರಗೆಲೆ, ಅಣಬೆಗಳು ಸೇರಿ ಶತಮಾನಗಳಲ್ಲಿ ಕಟ್ಟಿಕೊಂಡ ಬಾಳನ್ನು ಯಾವ ನರ್ಸರಿಯ ಲಾರಿಯೂ ತಂದಿಳಿಸಲಾರದು.

2011ರಲ್ಲಿ ಮಾಧವ ಗಾಡ್ಗೀಳರ ಸಮಿತಿಯು ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಸಲ್ಲದೆಂದಿತು. 2024ರ ಜುಲೈ 31ರಂದು ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಹೊರಬಿದ್ದಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಆಗ ನಮ್ಮ ಭಕ್ತರನೇಕರು, "ಅದು ಸಕಲೇಶಪುರದವರ ಗೋಳು, ಬುದ್ಧಿ, ಬಯಲಿನವರಾದ ನಮಗೇನು?" ಎಂದರು.

ಹೊಳೆನರಸೀಪುರದ ಗದ್ದೆಗೆ ನೀರು ಎಲ್ಲಿಯದು? ಚನ್ನರಾಯಪಟ್ಟಣದ ಕೆರೆಗಳಿಗೆ ನಾಲೆಯಲ್ಲಿ ಹರಿದುಬರುವುದು ಯಾವ ನದಿ? ಘಟ್ಟದ ಪೂರ್ವದ ಇಳಿಜಾರಿನ ಮಳೆ ಹೇಮಾವತಿಯಾಗಿ ಗೊರೂರಿಗೆ ಬರುತ್ತದೆ. ಆ ಇಳಿಜಾರು ಬೋಳಾದರೆ ಆಷಾಢದಲ್ಲಿ ಕೆಸರಿನ ಪ್ರವಾಹ, ಮಾಘದಲ್ಲಿ ಬರಿಯ ಮರಳು. ಅರಕಲಗೂಡು ಸೀಮೆಯ ತಂಬಾಕು ಬೆಳೆಗಾರರಿಗೆ ಇನ್ನೊಂದು ಮಾತು: ಸೊಪ್ಪು ಹದಮಾಡುವ ಬ್ಯಾರನ್ನಿನ ಒಲೆಗೆ ಬೀಳುವ ಸೌದೆಯೂ ಎಲ್ಲಿಯೋ ಮರವಾಗಿದ್ದುದೇ.

ಎದುರು ಮಾತನ್ನೂ ಕೇಳಬೇಕು. ಆಲೂರಿನ ರೈತನೊಬ್ಬ ಮಠಕ್ಕೆ ಬಂದು, "ಕಾಡು ಉಳಿಸಿ ಅನ್ನುತ್ತೀರಿ ಬುದ್ಧಿ, ರಾತ್ರಿ ಆನೆ ಕಾಯುವವರು ನಾವು" ಎಂದಾಗ ನಮ್ಮ ಬಳಿ ಸಿದ್ಧ ಉತ್ತರವಿರಲಿಲ್ಲ. 2014ರಲ್ಲಿ ಆಲೂರು, ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು, ಹಾವಳಿ ತೀರಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಅಂಬಾರಿ ಹೊತ್ತ ಅರ್ಜುನನೇ ಕಾಡಾನೆಯೊಡನೆ ಸೆಣಸಿ ಮಡಿದನು. ಆದರೆ ಕಾಡು ತುಂಡುತುಂಡಾದಷ್ಟೂ ಆನೆ ತೋಟಕ್ಕಿಳಿಯುತ್ತದೆಯೇ ಹೊರತು ಕಾಡು ಹೆಚ್ಚಾದುದರಿಂದಲ್ಲ. ಮೇಲಾಗಿ, ಆ ಕರಡು ನಿಷೇಧಿಸುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ ಹೊಸ ಕೈಗಾರಿಕೆ, 20,000 ಚದರ ಮೀಟರಿಗೆ ಮೀರಿದ ಕಟ್ಟಡಗಳನ್ನು. ರೈತನ ಉಳುಮೆಯನ್ನಲ್ಲ, ಅವನ ಹಕ್ಕುಪತ್ರವನ್ನಲ್ಲ. ಬಡ ಹಿಡುವಳಿದಾರನನ್ನು ಮುಂದೆ ನಿಲ್ಲಿಸಿ ಅವನ ಬೆನ್ನ ಹಿಂದೆ ಅಡಗಿರುವವರು ಯಾರೆಂಬುದನ್ನು ಈ ಪಟ್ಟಿಯೇ ಹೇಳುತ್ತದೆ.

ಗದುಗಿನವರನ್ನು ನೋಡಿರಿ. ಕಪ್ಪತಗುಡ್ಡಕ್ಕೆ 2015ರ ಡಿಸೆಂಬರಿನಲ್ಲಿ ಕೊಟ್ಟಿದ್ದ ಸಂರಕ್ಷಣೆಯನ್ನು 2016ರ ನವೆಂಬರಿನಲ್ಲಿ ಸರ್ಕಾರ ಹಿಂತೆಗೆದುಕೊಂಡಿತು. 2017ರ ಫೆಬ್ರವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳವರು ಮೂರು ದಿನಗಳ ಅಹೋರಾತ್ರಿ ಧರಣಿಗೆ ಬೀದಿಯಲ್ಲಿ ಕುಳಿತರು. ಏಪ್ರಿಲ್‌ನಲ್ಲಿ ಆಜ್ಞೆ ಮರಳಿತು. 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಶ್ರೀಗಳು 2018ರಲ್ಲಿಯೇ ಲಿಂಗೈಕ್ಯರಾದುದರಿಂದ ಅದನ್ನು ನೋಡಲಿಲ್ಲ. ಶ್ರಾವಣದಲ್ಲಿ ಕಪ್ಪತಮಲ್ಲೇಶ್ವರನ ಗುಡ್ಡ ಹತ್ತುವ ಜನಕ್ಕೆ ಅದು ತಮ್ಮದೆಂಬ ಅಭಿಮಾನ ಮೊದಲೇ ಇತ್ತು. ಬಿಸಿಲೆಯ ಕಾಡಿನ ವಿಷಯದಲ್ಲಿ ನಮಗೆ ಆ ಅಭಿಮಾನ ಹುಟ್ಟಲೇ ಇಲ್ಲ.

ಕಾರ್ತಿಕದ ವನಭೋಜನ ನಮ್ಮ ಹಿರಿಯರ ಪದ್ಧತಿ. ಬರುವ ಕಾರ್ತಿಕದ ಒಂದು ಸೋಮವಾರ ಅದನ್ನು ಸಕಲೇಶಪುರದ ಕಡೆ, ಹೇಮಾವತಿಯ ದಡದ ಬಯಲಿನಲ್ಲಿ, ಕಾಡಿನ ಸಂರಕ್ಷಣೆಯ ಬೆಂಬಲಕ್ಕಾಗಿ ನಡೆಸಬೇಕೆಂದು ನಾವು ನಿಶ್ಚಯಿಸಿದ್ದೇವೆ. ಕಾಡಿನೊಳಕ್ಕೆ ಯಾರೂ ಹೋಗತಕ್ಕದ್ದಲ್ಲ. ನಮ್ಮ ಗುಂಪು ಅದಕ್ಕೊಂದು ಉಪದ್ರವವಾಗಬಾರದು. ಶಾಮಿಯಾನವಿಲ್ಲ, ಹಾರತುರಾಯಿಯಿಲ್ಲ, ಕಳೆದ ಜಾತ್ರೆಯಲ್ಲಿ ಮಠದ ಹಿತ್ತಿಲಲ್ಲಿಯೇ ಪ್ಲಾಸ್ಟಿಕ್ ತಟ್ಟೆಗಳ ರಾಶಿ ಬಿದ್ದಿದ್ದನ್ನು ಕಂಡಿದ್ದೇವೆ, ಆದ್ದರಿಂದ ಊಟ ಮುತ್ತುಗದ ಎಲೆಯಲ್ಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಭಕ್ತರೂ ಹಳೆಯ ವಿದ್ಯಾರ್ಥಿಗಳೂ ತಮ್ಮ ತಮ್ಮ ಗ್ರಾಮಸಭೆಯ ನಿರ್ಣಯವೊಂದನ್ನು ಬರೆಸಿಕೊಂಡು ಬರಬೇಕು. ಬೆಳೆಹಾನಿಯ ಪರಿಹಾರ ತಡವಾಗದೆ ರೈತನ ಕೈಸೇರಬೇಕೆಂಬ ಒಂದು ಸಾಲು ಅದರಲ್ಲಿ ಇರಲೇಬೇಕು. ಅಂದು ಮೊದಲು ಮಾತನಾಡುವವನು ಆಲೂರಿನ ಆ ರೈತ. ನಾವು ಕೆಳಗೆ ಕುಳಿತು ಕೇಳುತ್ತೇವೆ.