ಮೊಬೈಲ್ ಪೋಕರಿನಲ್ಲಿ ನಮ್ಮನ್ನು ಓದುತ್ತಿರುವವರು ಯಾರು?



ರಜೆಯಲ್ಲಿ ನೆಂಟರೆಲ್ಲ ಸೇರಿದರೆ ನಮ್ಮ ಕಾಸರಗೋಡಿನ ಎಷ್ಟೋ ಮನೆಗಳ ಜಗಲಿಯಲ್ಲಿ ಇಪ್ಪತ್ತೆಂಟರ ಆಟ ಶುರುವಾಗುತ್ತದೆ. ದುಡ್ಡಿಲ್ಲದ ಆಟ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕ ಮತ್ತು ಹತ್ತಕ್ಕೆ ಒಂದೊಂದು ಅಂಕ. ಕೂಗುವ ಮುಂಚೆ ಚಿಕ್ಕಪ್ಪ ಸ್ವಲ್ಪ ತಡೆದರೆ ಸಾಕು, ಪಕ್ಕದಲ್ಲಿ ಕುಳಿತ ಅಜ್ಜಿ "ಅವನ ಕೈಯಲ್ಲಿ ಏನೂ ಇಲ್ಲ ಮಕ್ಕಳೇ" ಎಂದುಬಿಡುತ್ತಾರೆ. ಹೆಚ್ಚಿನ ಸಲ ಅವರು ಹೇಳಿದ್ದೇ ಸರಿ.

ಅಜ್ಜಿಯ ಈ ವಿದ್ಯೆಗೆ ಪೋಕರ್ ಆಡುವವರು ಟೈಮಿಂಗ್ ಟೆಲ್ ಎನ್ನುತ್ತಾರೆ. ಆನ್‌ಲೈನ್ ಮೇಜಿನಲ್ಲಿ ಎದುರಾಳಿಯ ಮುಖ ಕಾಣುವುದಿಲ್ಲ, ಕೈ ನಡುಗುವುದೂ ಕಾಣುವುದಿಲ್ಲ. ಕಾಣುವುದು ಎರಡೇ: ಎಷ್ಟು ಹಣ ಇಟ್ಟ, ಎಷ್ಟು ಹೊತ್ತು ತೆಗೆದುಕೊಂಡ. ತಕ್ಷಣ ಕಾಲ್ ಮಾಡಿದನೆಂದರೆ ರೈಸ್ ಮಾಡುವ ಯೋಚನೆಯೇ ಅವನಿಗೆ ಬಂದಿಲ್ಲ. ಬಹುಶಃ ಸಾಧಾರಣ ಎಲೆ, ಇಲ್ಲವೇ ಮುಂದಿನ ಎಲೆಗಾಗಿ ಕಾಯುತ್ತಿದ್ದಾನೆ. ತುಂಬ ಹೊತ್ತು ಯೋಚಿಸಿ ಚೆಕ್ ಮಾಡಿದರೆ ಸಾಮಾನ್ಯವಾಗಿ ಕೈ ದುರ್ಬಲ. ತಡಮಾಡಿ ದೊಡ್ಡದಾಗಿ ರೈಸ್ ಮಾಡಿದರೆ ಹುಷಾರು: ಎಷ್ಟು ಕೀಳಬಹುದು ಎಂದು ಲೆಕ್ಕ ಹಾಕುತ್ತಿದ್ದಿರಬಹುದು.

ಆದರೆ ಇವೆಲ್ಲ ಬರೀ ಊಹೆ. ನೆಟ್ ನಿಧಾನವಾಗಿರಬಹುದು, ಅವನು ಒಂದೇ ಸಲ ನಾಲ್ಕು ಮೇಜಿನಲ್ಲಿ ಆಡುತ್ತಿರಬಹುದು. ನುರಿತವರು ಪ್ರತಿ ಸಲವೂ ಒಂದೇ ಅಳತೆಯ ಹೊತ್ತು ಕಾಯುತ್ತಾರೆ, ಅಥವಾ ಬೇಕೆಂದೇ ತಡಮಾಡಿ ನಮ್ಮನ್ನು ದಾರಿ ತಪ್ಪಿಸುತ್ತಾರೆ.

ಬ್ಲಫ್ ಎನ್ನುವುದನ್ನು ನಾವು ಧೈರ್ಯ ಎಂದುಕೊಂಡಿದ್ದೇವೆ. ನಿಜವಾಗಿ ಅದು ಗಣಿತ. ಮಧ್ಯದಲ್ಲಿ 1000 ರೂಪಾಯಿ ಇದೆ, ಕೈಯಲ್ಲಿ ಏನೂ ಇಲ್ಲದೆ ನಾವು 1000 ಇಡುತ್ತೇವೆ. ಎದುರಾಳಿ ಎರಡರಲ್ಲಿ ಒಂದು ಸಲಕ್ಕಿಂತ ಹೆಚ್ಚು ಎಲೆ ಬಿಸಾಡಿದರೆ ನಮಗೆ ಲಾಭ. ಗಣಿತಜ್ಞ ಜಾನ್ ವಾನ್ ನಾಯ್ಮನ್ 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಬರೆದ ಪುಸ್ತಕದಲ್ಲೇ ಪೋಕರ್ ಬ್ಲಫಿನ ಲೆಕ್ಕ ಇದೆ. ಒಮ್ಮೆಯೂ ಬ್ಲಫ್ ಮಾಡದವನಿಗೆ ಒಳ್ಳೆಯ ಎಲೆ ಬಂದಾಗ ಯಾರೂ ಹಣ ಇಡುವುದಿಲ್ಲ. ಅದಕ್ಕೇ ಬ್ಲಫ್ ಬೇಕು.

ಹಾಗಾದರೆ ಬ್ಲಫ್ ಎಂದರೆ ಸುಳ್ಳೇ? ಹತ್ತು ಆಜ್ಞೆಗಳಲ್ಲಿ ಎಂಟನೆಯದಕ್ಕೆ ವಿರುದ್ಧವೇ? ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಕಬಡ್ಡಿಯಲ್ಲಿ ಎಡಕ್ಕೆ ಹೋಗುವಂತೆ ಮಾಡಿ ಬಲಕ್ಕೆ ನುಗ್ಗುವವನನ್ನು ನಾವು ಸುಳ್ಳುಗಾರ ಎನ್ನುವುದಿಲ್ಲ. ಆಟಕ್ಕೆ ಕುಳಿತವರೆಲ್ಲ ಒಪ್ಪಿಕೊಂಡ ನಿಯಮ ಅದು. ಧರ್ಮಸಭೆಯ ಬೋಧನೆಯೂ ಪಣದ ಆಟವೆಲ್ಲ ತಾನಾಗಿಯೇ ಅನ್ಯಾಯ ಎನ್ನುವುದಿಲ್ಲ. ಒಬ್ಬನಿಗೆ ಅಥವಾ ಅವನನ್ನು ನಂಬಿದವರಿಗೆ ಬದುಕಲು ಬೇಕಾದದ್ದನ್ನು ಅದು ಕಸಿದುಕೊಂಡಾಗ ತಪ್ಪು ಎನ್ನುತ್ತದೆ. ನಾವು ಹೇಳಬೇಕೆಂದಿರುವುದೂ ಇದನ್ನೇ.

"ಇದು ಅದೃಷ್ಟದ ಆಟ ಅಲ್ಲ, ಕೌಶಲದ ಆಟ" ಎಂದು ವಾದಿಸುವವರು ನಮ್ಮಲ್ಲಿದ್ದಾರೆ. ಇರಲಿ, ಒಪ್ಪೋಣ. ಆಗ ಗೆದ್ದ ಹಣ ಎಲ್ಲಿಂದ ಬಂತು? ಪೋಕರ್ ಮೇಜು ಅಡಿಕೆ ತೋಟ ಅಲ್ಲ, ಅಲ್ಲಿ ಏನೂ ಬೆಳೆಯುವುದಿಲ್ಲ. ಒಬ್ಬನ ಲಾಭ ಇನ್ನೊಬ್ಬನ ನಷ್ಟ, ನಡುವೆ ಆಡಿಸುವ ಕಂಪನಿಯ ಪಾಲು ಬೇರೆ. ಕೌಶಲದ ಆಟ ಎಂದರೆ ಬಲ್ಲವನು ಅರಿಯದವನ ಜೇಬಿಗೆ ಕೈ ಹಾಕುವ ಆಟ. ಹೊಸದಾಗಿ ಸೇರಿದ ನಾವೇ ಆ ಅರಿಯದವರು.

2003ರಲ್ಲಿ ಅಮೆರಿಕದ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ 86 ಡಾಲರಿನ ಆನ್‌ಲೈನ್ ಆಟದಿಂದ ಶುರು ಮಾಡಿ, ವರ್ಲ್ಡ್ ಸೀರೀಸ್ ಆಫ್ ಪೋಕರಿನಲ್ಲಿ 25 ಲಕ್ಷ ಡಾಲರ್ ಗೆದ್ದ. ಕೊನೆಯ ಸುತ್ತಿನಲ್ಲಿ ಸ್ಯಾಮಿ ಫರ್ಹಾ ವಿರುದ್ಧ ಅವನು ಮಾಡಿದ ಬ್ಲಫ್ ಈಗಲೂ ಪ್ರಸಿದ್ಧ. ಅಂದು ಆಡಿದವರು ಒಟ್ಟು 839 ಜನ. ಉಳಿದ 838 ಜನರ ಕತೆಯನ್ನು ನಮಗೆ ಯಾರೂ ಹೇಳುವುದಿಲ್ಲ. 2019ರಲ್ಲಿ ಪ್ಲುರಿಬಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಆರು ಜನರ ಮೇಜಿನಲ್ಲಿ ವೃತ್ತಿಪರರನ್ನೇ ಸೋಲಿಸಿತು. ಅದೂ ಬ್ಲಫ್ ಮಾಡುತ್ತದೆ. ಅದಕ್ಕೆ ಹೆದರಿಕೆಯೂ ಇಲ್ಲ, ಮನೆಯ ಸಾಲವೂ ಇಲ್ಲ. ಅದರ ತಡದಲ್ಲಿ ಓದಲು ಏನಿದೆ?

ಈಗ ಕಾನೂನೂ ಬದಲಾಗಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟವನ್ನು, ಕೌಶಲವೋ ಅದೃಷ್ಟವೋ ಎಂದು ನೋಡದೆ, ನಿಷೇಧಿಸುತ್ತದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಹಾಗಾಗಿ ಕಾನೂನಿಗೆ ಹೆದರಿ ಯಾರೂ ಬಾಯಿ ಮುಚ್ಚಿಕೊಂಡು ಕೂರಬೇಕಾಗಿಲ್ಲ.

ಬಾಯಿ ಮುಚ್ಚಿಕೊಂಡವನೊಬ್ಬ ನಮ್ಮ ಗುಂಪಿನಲ್ಲೇ ಇದ್ದ. ಎದುರಾಳಿಯ ಸೆಕೆಂಡುಗಳನ್ನು ಎಣಿಸುವುದರಲ್ಲಿ ಬಹಳ ಜಾಣ. ಕಾಲೇಜು ಫೀಸಿನ ಹಣ ಹೋದ ಮೇಲೆ ಅಮ್ಮ "ಫೀಸು ಕಟ್ಟಿದ್ದೀಯಾ ಮಗಾ?" ಎಂದು ಕೇಳಿದಾಗ ಅವನು ಮೂರು ಸೆಕೆಂಡು ತಡೆದು "ಕಟ್ಟಿದ್ದೇನೆ" ಎಂದನಂತೆ. ಅಮ್ಮನಿಗೆ ಅಷ್ಟೇ ಸಾಕಾಯಿತು. ಕವಾಯತು ತಂಡದ ಅಭ್ಯಾಸಕ್ಕೆ ಅವನು ಬಾರದೆ ಹೋದಾಗಲೂ, ನಮ್ಮ ಮೆಸೇಜಿಗೆ ರಾತ್ರಿಯಿಡೀ ಉತ್ತರ ಕೊಡದಿದ್ದಾಗಲೂ ನಮಗೆ ಮಾತ್ರ ಏನೂ ಹೊಳೆಯಲಿಲ್ಲ. ಓದಬೇಕಾದ ತಡ ಅದಾಗಿತ್ತು, ನಾವು ಓದಲಿಲ್ಲ. ಅದು ನಮ್ಮ ತಪ್ಪು.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಆ ಆ್ಯಪ್ ಫೋನಿನಲ್ಲಿದ್ದರೆ ಇವತ್ತೇ ತೆಗೆಯಿರಿ. ಹಣ ಹೋಗಿದ್ದರೆ ಅದನ್ನು ಮರಳಿ ಪಡೆಯಲು ಇನ್ನೊಂದು ಆಟ ಆಡಬೇಡಿ. ಅಪ್ಪನಿಗೋ ಅಕ್ಕನಿಗೋ ಇದ್ದದ್ದನ್ನು ಇದ್ದ ಹಾಗೆ ಹೇಳಿ. ತಂದೆತಾಯಂದಿರೇ, ಮಗ ತಡೆದು ಉತ್ತರಿಸಿದರೆ ಗದರಿಸುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಇನ್ನು ಆಟದ ಆಸೆ ಇದ್ದವರು ಭಾನುವಾರ ಪೂಜೆ ಮುಗಿಸಿ ಬನ್ನಿ, ಇಪ್ಪತ್ತೆಂಟು ಆಡೋಣ. ಬ್ಲಫ್ ಎಷ್ಟು ಬೇಕಾದರೂ ಮಾಡಿ. ಸೋತವರು ಎಲ್ಲರಿಗೂ ಚಹಾ ಮಾಡಬೇಕು, ಅಷ್ಟೇ.